ಮರೆಯಲೊಲ್ಲದ ಕ್ಯಾಮೆರಾ, ನೆನಪೇ ಇಲ್ಲದ ಟೆಲಿವಿಷನ್

ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ 6ಬಿ ಸ್ಟುಡಿಯೋದಿಂದ 1948ರ ಜೂನ್ 8ರ ಮಂಗಳವಾರ ರಾತ್ರಿ ಎನ್‌ಬಿಸಿ ಸಂಸ್ಥೆಯು ಹಾಸ್ಯನಟ ಮಿಲ್ಟನ್ ಬರ್ಲ್ ಸಾರಥ್ಯದಲ್ಲಿ ಒಂದು ಗಂಟೆಯ ವಿವಿಧ ವಿನೋದಾವಳಿಯನ್ನು ನೇರವಾಗಿ ಪ್ರಸಾರ ಮಾಡಿತು. ಹನ್ನೆರಡು ದಿನ ಕಳೆದು ಬಂದ ಭಾನುವಾರದಂದು ಪ್ರತಿಸ್ಪರ್ಧಿಯಾದ ಸಿಬಿಎಸ್ ಸಂಸ್ಥೆಯು ಪತ್ರಿಕೆಯ ಅಂಕಣಕಾರ ಎಡ್ ಸಲಿವನ್ ಅವರನ್ನು ನಿರೂಪಕರನ್ನಾಗಿ ನಿಲ್ಲಿಸಿ ತನ್ನದೇ ವಿನೋದಾವಳಿಯನ್ನು ಆರಂಭಿಸಿತು. ಹಾಡು, ಕುಣಿತ, ಅಣಕ, ಕೈಚಳಕ, ದೊಂಬರಾಟ ಎಲ್ಲವೂ ಒಂದರ ಹಿಂದೊಂದು ಬರುತ್ತಿದ್ದ ಈ ಕಾರ್ಯಕ್ರಮಗಳ ಕಥೆಯನ್ನು ನಟರ ಕಥೆಯಾಗಿ ಹೇಳುವುದೇ ರೂಢಿ. ಆದರೆ ನಟರು ಯಾವ ಬಣ್ಣದ ಅಂಗಿ ತೊಡಬೇಕು, ಎಲ್ಲಿ ನಿಲ್ಲಬೇಕು, ಯಾರ ನಂತರ ಯಾರು ರಂಗಕ್ಕೆ ಬರಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಎರಡು ತಾಂತ್ರಿಕ ಸಂಗತಿಗಳು. ಕ್ಯಾಮೆರಾದೊಳಗಿನ ಕೊಳವೆಯು ಕಂಡದ್ದನ್ನು ಸುಲಭವಾಗಿ ಮರೆಯುತ್ತಿರಲಿಲ್ಲ. ಆ ಕ್ಯಾಮೆರಾ ಕಳಿಸಿದ ಚಿತ್ರವನ್ನು ನೆನಪಿಟ್ಟುಕೊಳ್ಳಬಲ್ಲ ತಕ್ಕ ಯಂತ್ರವಾದರೋ ಇನ್ನೂ ಹುಟ್ಟಿರಲಿಲ್ಲ.

ಆ ಕೊಳವೆಯ ಹೆಸರು ಇಮೇಜ್ ಆರ್ಥಿಕಾನ್. ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿ ಯುದ್ಧದ ವರ್ಷಗಳಲ್ಲಿ ರೂಪುಗೊಂಡು 1946ರಲ್ಲಿ ಪ್ರಸಾರಕ್ಕೆ ಇಳಿದ ಈ ಕೊಳವೆ, ಅದಕ್ಕೂ ಹಿಂದಿನ ಕ್ಯಾಮೆರಾ ಕೊಳವೆಯಾದ ಐಕಾನೋಸ್ಕೋಪಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಸೂಕ್ಷ್ಮವೆಂದು ಹೆಸರಾಯಿತು. ಐಕಾನೋಸ್ಕೋಪಿನ ಕಾಲದ ಸ್ಟುಡಿಯೋಗಳಲ್ಲಿ ದೀಪಗಳ ಕಾವಿಗೆ ನಟರ ಬಣ್ಣ ಕರಗಿ ಇಳಿಯುತ್ತಿತ್ತು. ಹೊಸ ಕೊಳವೆಯ ಮುಂಭಾಗದ ಪದರದ ಮೇಲೆ ಬೆಳಕು ಬಿದ್ದಾಗ ಅಲ್ಲಿಂದ ಎಲೆಕ್ಟ್ರಾನುಗಳು ಚಿಮ್ಮಿ, ಹಿಂದಿರುವ ತೀರಾ ತೆಳುವಾದ ಗಾಜಿನ ಹಾಳೆಗೆ ಬಡಿದು, ಅದರಿಂದ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತಿದ್ದವು. ಹೀಗೆ ಬೆಳಕು ಹೆಚ್ಚಿದ್ದಲ್ಲಿ ಹೆಚ್ಚು, ಕಡಿಮೆಯಿದ್ದಲ್ಲಿ ಕಡಿಮೆ ಧನ ವಿದ್ಯುದಂಶ ಉಳಿದು, ಎದುರಿನ ದೃಶ್ಯದ ಪಡಿಯಚ್ಚೊಂದು ಗಾಜಿನ ಮೇಲೆ ಮೂಡುತ್ತಿತ್ತು. ಹಿಂಬದಿಯಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆಯೊಂದು ಆ ಹಾಳೆಯನ್ನು ಸಾಲುಸಾಲಾಗಿ ಸವರುತ್ತ, ಅಲ್ಲಲ್ಲಿನ ಕೊರತೆಯನ್ನು ತುಂಬಿ, ಮಿಕ್ಕದ್ದನ್ನು ಹೊತ್ತು ಬಂದ ದಾರಿಯಲ್ಲೇ ಹಿಂತಿರುಗುತ್ತಿತ್ತು. ಹಿಂತಿರುಗಿದ ಆ ಶೇಷವನ್ನು ಹಲವು ಪಟ್ಟು ಹಿಗ್ಗಿಸಿದರೆ ಅದೇ ಚಿತ್ರದ ಸಂಕೇತ. ತಂತ್ರಜ್ಞರು ಈ ಕೊಳವೆಯನ್ನು ಮುದ್ದಿನಿಂದ ‘ಇಮ್ಮಿ’ ಎನ್ನುತ್ತಿದ್ದರು. ಟೆಲಿವಿಷನ್ ಕಾರ್ಯಕ್ರಮಗಳಿಗೆ 1949ರಿಂದ ಕೊಡುತ್ತಿರುವ ಎಮ್ಮಿ ಪ್ರಶಸ್ತಿಯ ಹೆಸರು ಬಂದದ್ದು ಅದರಿಂದಲೇ. ಸಿನಿಮಾ, ನಾಟಕ, ಸಂಗೀತ ಎಲ್ಲಕ್ಕೂ ಪ್ರಶಸ್ತಿಗಳಿವೆ, ಆದರೆ ಯಂತ್ರದ ಒಂದು ಬಿಡಿಭಾಗದ ಹೆಸರನ್ನು ಕಲಾವಿದರು ಹೆಮ್ಮೆಯಿಂದ ಮನೆಗೆ ಒಯ್ಯುವುದು ಬೇರೆಲ್ಲೂ ಕಾಣಸಿಗದು.

ಇಮ್ಮಿಯ ಚೇಷ್ಟೆಗಳು ಕಡಿಮೆಯೇನಲ್ಲ. ಅತಿಯಾದ ಬೆಳಕು ಬಿದ್ದ ಜಾಗದಿಂದ ಚಿಮ್ಮಿದ ಎಲೆಕ್ಟ್ರಾನುಗಳು ಸುತ್ತಮುತ್ತಲಿನ ಗಾಜಿನ ಮೇಲೆ ಮಳೆಗರೆದು ಅಲ್ಲಿನ ಚಿತ್ರವನ್ನು ಅಳಿಸಿಹಾಕುತ್ತಿದ್ದುದರಿಂದ, ಗಾಯಕಿಯ ಕೊರಳಿನ ಹೊಳೆಯುವ ಹಾರದ ಸುತ್ತ ಮನೆಯ ಪರದೆಯಲ್ಲಿ ಕಪ್ಪು ಪ್ರಭಾವಳಿಯೊಂದು ಕಾಣಿಸಿಕೊಳ್ಳುತ್ತಿತ್ತು. ಆದಕಾರಣ ಆಭರಣಗಳ ಹೊಳಪನ್ನು ಮಂಕು ಮಾಡಿ, ಅಚ್ಚಬಿಳಿಯ ಅಂಗಿಯ ಬದಲು ತಿಳಿನೀಲಿಯದನ್ನು ತೊಡಿಸುತ್ತಿದ್ದರು. ಕಪ್ಪು-ಬಿಳುಪಿನ ಪರದೆಯಲ್ಲಿ ನೀಲಿಯೇ ನಿಜವಾದ ಬಿಳಿಯಾಗಿ ಕಾಣುತ್ತಿತ್ತು. ಇದಕ್ಕಿಂತ ದೊಡ್ಡ ತೊಡಕೆಂದರೆ ಕೊಳವೆಯ ಹಠಮಾರಿ ನೆನಪು. ಪ್ರಖರವಾದ ದೃಶ್ಯವೊಂದನ್ನೇ ಕದಲದೆ ನೋಡುತ್ತ ನಿಂತರೆ ಅದರ ಅಚ್ಚು ಗಾಜಿನ ಹಾಳೆಯಲ್ಲಿ ಕೂತುಬಿಡುತ್ತಿತ್ತು. ಕ್ಯಾಮೆರಾವನ್ನು ಬೇರೆಡೆಗೆ ತಿರುಗಿಸಿದರೂ ಹಿಂದಿನ ದೃಶ್ಯವು ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ದೆವ್ವದಂತೆ ಹೊಸ ದೃಶ್ಯದ ಮೇಲೆ ತೇಲುತ್ತಿತ್ತು. ಹೀಗಾಗಿ ಅನುಭವಿ ಕ್ಯಾಮೆರಾಮನ್ ತನ್ನ ಸರದಿ ಇಲ್ಲದ ಹೊತ್ತಿನಲ್ಲೂ ಕ್ಯಾಮೆರಾವನ್ನು ಮಗುವಿನ ತೊಟ್ಟಿಲಿನಂತೆ ಅಷ್ಟಷ್ಟೇ ತೂಗುತ್ತಿರಬೇಕಾಗಿತ್ತು.

ಅಂಥ ಕ್ಯಾಮೆರಾದ ಮುಖದಲ್ಲಿ ಬೇರೆಬೇರೆ ನಾಭಿದೂರದ ನಾಲ್ಕು ಲೆನ್ಸುಗಳನ್ನು ಹೊತ್ತ ಒಂದು ತಟ್ಟೆ ಇರುತ್ತಿತ್ತು. ಕ್ಯಾಮೆರಾಮನ್ ಹಿಂದಿನ ಹಿಡಿಯನ್ನು ತಿರುಗಿಸಿ ಬೇಕಾದ ಲೆನ್ಸನ್ನು ಕೊಳವೆಯ ಎದುರಿಗೆ ತಂದುಕೊಳ್ಳುತ್ತಿದ್ದರು. ಪ್ರಸಾರದಲ್ಲಿರುವ ಕ್ಯಾಮೆರಾದ ಲೆನ್ಸನ್ನು ತಿರುಗಿಸಿದರೆ ಇಡೀ ದೇಶಕ್ಕೆ ತಲೆ ಸುತ್ತುವಂಥ ದೃಶ್ಯ ಕಾಣಿಸುತ್ತಿದ್ದುದರಿಂದ, ನೆತ್ತಿಯ ಕೆಂಪು ದೀಪ ಆರಿದ ಮೇಲಷ್ಟೇ, ಇನ್ನೊಂದು ಕ್ಯಾಮೆರಾ ಆಟವನ್ನು ನೋಡಿಕೊಳ್ಳುತ್ತಿರುವ ಕೆಲವೇ ಸೆಕೆಂಡುಗಳಲ್ಲಿ ಲೆನ್ಸು ಬದಲಿಸಿ, ಜಾಗ ಬದಲಿಸಿ, ಫೋಕಸ್ ಕೂಡಿಸಿ ಸಿದ್ಧವಾಗಬೇಕಿತ್ತು. ಪ್ರತಿ ಕ್ಯಾಮೆರಾದ ಹಿಂದೆ ಹೆಬ್ಬಾವಿನಂಥ ಕೇಬಲ್. ಮೂರು ಕ್ಯಾಮೆರಾಗಳ ಕೇಬಲ್ಲುಗಳು ಜಡೆಯಂತೆ ಹೆಣೆದುಕೊಳ್ಳದಿರಲು ಯಾವುದು ಯಾವುದರ ಹಿಂದಿನಿಂದ ಸಾಗಬೇಕೆಂಬುದನ್ನೂ ತಾಲೀಮಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಉದ್ದನೆಯ ಬೂಮಿನ ತುದಿಗೆ ಮೈಕು ತೂಗಿಸಿ ನಟರ ತಲೆಯ ಮೇಲೆ ಹಿಡಿದವನ ಪಾಡು ಬೇರೆ: ಮೈಕು ತುಸು ಕೆಳಗಿಳಿದರೆ ನೆರಳು ನಟನ ಮುಖಕ್ಕೆ ಬೀಳುತ್ತದೆ, ತುಸು ಮೇಲಕ್ಕೆ ಹೋದರೆ ಮಾತು ಕೇಳಿಸುವುದಿಲ್ಲ. ವೇದಿಕೆಯ ಮೇಲೆ ಎರಡು ನಿಮಿಷ ನಡೆಯುವ ನೃತ್ಯಕ್ಕೆ ಸರಿಸಾಟಿಯಾದ ಇನ್ನೊಂದು ನೃತ್ಯವು ಕ್ಯಾಮೆರಾಗಳ ಹಿಂದಿನ ಕತ್ತಲಲ್ಲಿ, ಸದ್ದಿಲ್ಲದೆ, ಚಪ್ಪಾಳೆಯೂ ಇಲ್ಲದೆ ನಡೆಯುತ್ತಿತ್ತು. ಬರ್ಲ್ ತಾಲೀಮಿನ ವೇಳೆ ಕೊರಳಿಗೆ ಪೀಪಿ ಕಟ್ಟಿಕೊಂಡು ಓಡಾಡುತ್ತಿದ್ದುದಕ್ಕೆ ಅವರ ಅಧಿಕಾರದ ಗೀಳೇ ಕಾರಣವೆಂದು ಹೇಳುವವರಿದ್ದಾರೆ. ಅಷ್ಟು ಜನ, ಅಷ್ಟು ಯಂತ್ರಗಳು ಒಂದೇ ಕೋಣೆಯಲ್ಲಿ ಡಿಕ್ಕಿ ಹೊಡೆಯದೆ ಸಾಗಬೇಕಾದರೆ ಪೀಪಿ ಬೇಕೇ ಬೇಕು ಎಂದು ನನಗೆ ಅನ್ನಿಸುತ್ತದೆ.

ಕಾಲದ ಲೆಕ್ಕವೂ ಕಠಿಣವಾಗಿತ್ತು. ಒಂಬತ್ತಕ್ಕೆ ಕಾರ್ಯಕ್ರಮ ಮುಗಿಯಬೇಕೆಂದರೆ ಒಂಬತ್ತಕ್ಕೇ ಮುಗಿಯಬೇಕು. ಹಾಡು ಎಷ್ಟು ನಿಮಿಷವೆಂದು ಗಡಿಯಾರ ಹಿಡಿದು ಅಳೆಯಬಹುದು, ಪ್ರೇಕ್ಷಕರ ನಗುವನ್ನು ಮೊದಲೇ ಅಳೆಯುವುದು ಹೇಗೆ? ಸಲಿವನ್ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಭಾನುವಾರ ಮಧ್ಯಾಹ್ನ ನಿಜವಾದ ಪ್ರೇಕ್ಷಕರ ಎದುರಿಗೇ ಪೂರ್ತಿ ತಾಲೀಮು ನಡೆಸಿ, ಯಾವ ಆಟಕ್ಕೆ ಎಷ್ಟು ನಗು, ಎಷ್ಟು ಚಪ್ಪಾಳೆ ಎಂದು ನೋಡಿಕೊಂಡು, ರಾತ್ರಿಯ ಪ್ರಸಾರಕ್ಕೆ ಮುನ್ನ ಆಟಗಳ ಕ್ರಮವನ್ನೇ ಬದಲಿಸುವುದು, ಕೆಲವನ್ನು ಕತ್ತರಿಸುವುದು. ಪ್ರಸಾರದ ನಡುವೆ ಲೆಕ್ಕ ತಪ್ಪಿದರೆ ಕ್ಯಾಮೆರಾದ ಪಕ್ಕ ನಿಂತ ಫ್ಲೋರ್ ಮ್ಯಾನೇಜರ್ ಮಾತಿಲ್ಲದೆ ಸನ್ನೆ ಮಾಡುತ್ತಿದ್ದರು: ಎರಡೂ ಕೈಗಳಿಂದ ಅಂಟು ಮಿಠಾಯಿ ಎಳೆದಂತೆ ಮಾಡಿದರೆ ‘ಇನ್ನೂ ಎಳೆಯಿರಿ’ ಎಂದು, ಮೂಗಿನ ತುದಿ ಮುಟ್ಟಿದರೆ ಸಮಯಕ್ಕೆ ಸರಿಯಾಗಿದೆ ಎಂದು, ಬೆರಳಿನಿಂದ ಕುತ್ತಿಗೆ ಕೊಯ್ದಂತೆ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ ಎಂದು ಅರ್ಥ.

ಆಟ ತಪ್ಪಿದರೆ ತಿದ್ದಲು ಮಾರ್ಗವಿರಲಿಲ್ಲ. 1950ರಿಂದ 1954ರವರೆಗೆ ಶನಿವಾರ ರಾತ್ರಿಗಳಲ್ಲಿ ತೊಂಬತ್ತು ನಿಮಿಷಗಳ ವಿನೋದಾವಳಿಯನ್ನು ನಡೆಸಿ, ಮಾತು ಬರೆದ ಹಲಗೆಗಳ ನೆರವಿಲ್ಲದೆ ಎಲ್ಲವನ್ನೂ ಬಾಯಿಪಾಠ ಮಾಡಿ ಆಡುತ್ತಿದ್ದ ಸಿಡ್ ಸೀಸರ್ ಎಂಬ ನಟನಿಗೆ, ಮುಂದೆ 1955ರಲ್ಲಿ ತಮ್ಮ ಮತ್ತೊಂದು ಕಾರ್ಯಕ್ರಮದಲ್ಲಿ ಇದರ ರುಚಿ ತಿಳಿಯಿತು. ಇಟಲಿಯ ಒಪೆರಾದ ಅಣಕವದು. ವಿದೂಷಕನ ವೇಷದ ಸೀಸರ್ ಕನ್ನಡಿಯ ಮುಂದೆ ಕುಳಿತು, ಇಟಾಲಿಯನ್ನಿನಂತೆ ಕೇಳಿಸುವ ಅರ್ಥವಿಲ್ಲದ ನುಡಿಯಲ್ಲಿ ಹಾಡುತ್ತ, ಕೆನ್ನೆಯ ಮೇಲೆ ಕಣ್ಣೀರಿನ ಹನಿಯೊಂದನ್ನು ಬರೆದುಕೊಳ್ಳಬೇಕು. ಬರೆಯಹೋದಾಗ ಪೆನ್ಸಿಲ್ಲಿನ ಮೊನೆ ಮುರಿದು, ಹನಿಯ ಬದಲು ಕೆನ್ನೆಯ ಮೇಲೆ ಒಂದು ಉದ್ದ ಗೆರೆ ಮೂಡಿತು. ಅಳಿಸಲು ಸಮಯವಿಲ್ಲ, ನಿಲ್ಲಿಸುವಂತಿಲ್ಲ. ಅವರು ಹಾಡನ್ನು ಬಿಡದೆ ಆ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಅಡ್ಡಕ್ಕೂ ಎರಡು ಗೆರೆ ಹಾಕಿ, ಶಾಲೆಯ ಮಕ್ಕಳು ಪಾಟಿಯ ಮೇಲೆ ಸೊನ್ನೆ ಮತ್ತು ಇಂಟು ಹಾಕಿ ಆಡುವ ಆಟವನ್ನು ತಮ್ಮ ಕೆನ್ನೆಯ ಮೇಲೆಯೇ ಆಡತೊಡಗಿದರು.

ಈ ಘಟನೆಯನ್ನು ನಾವು ಇಂದೂ ನೋಡಬಹುದಾಗಿರುವುದು ಕಿನೆಸ್ಕೋಪ್ ಎಂಬ ಒರಟು ಉಪಾಯದಿಂದ. ಈಸ್ಟ್‌ಮನ್ ಕೊಡಾಕ್ ಕಂಪನಿ 1947ರಲ್ಲಿ ಇದಕ್ಕೆಂದೇ ತಯಾರಿಸಿದ ಸಿನಿಮಾ ಕ್ಯಾಮೆರಾವನ್ನು ಪುಟ್ಟ ಟಿವಿ ಪರದೆಯೊಂದರ ಎದುರಿಗೆ ನಿಲ್ಲಿಸಿ, ಪರದೆಯಲ್ಲಿ ಮೂಡಿದ್ದನ್ನು ಫಿಲ್ಮಿಗೆ ಇಳಿಸುವುದಷ್ಟೇ ಆ ಉಪಾಯ. ಕೇಳಲು ಸುಲಭ, ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್‌ನದಾದ್ದರಿಂದ ಅಲ್ಲಿನ ಟಿವಿ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸುತ್ತದೆ (50 ಹರ್ಟ್ಸ್‌ನ ನಮ್ಮಲ್ಲಿ 25), ಸಿನಿಮಾ ಫಿಲ್ಮು ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ. ಒಂದು ಚೌಕಟ್ಟಿಗೆ ಸಿಗುವ ಕಾಲ ಸೆಕೆಂಡಿನ 24ನೇ ಒಂದು ಭಾಗ. ಟಿವಿಯ ಒಂದು ಪೂರ್ಣ ಚಿತ್ರ ಮೂಡಲು ಬೇಕಾದದ್ದು 30ನೇ ಒಂದು ಭಾಗ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಸೆಕೆಂಡಿನ 120ನೇ ಒಂದು ಭಾಗ ಮಾತ್ರ. ಅಷ್ಟರೊಳಗೆ ಫಿಲ್ಮನ್ನು ಒಂದು ಚೌಕಟ್ಟಿನಷ್ಟು ಕೆಳಗೆ ಎಳೆದು ಅಲುಗದಂತೆ ನಿಲ್ಲಿಸಬೇಕು. ಮಾಮೂಲಿ ಸಿನಿಮಾ ಕ್ಯಾಮೆರಾಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚಿನ ಬಿಡುವಿರುತ್ತದೆ. ಕ್ಯಾಮೆರಾದ ಮುಚ್ಚಳ ಮುಚ್ಚಿ ತೆರೆಯುವುದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಒಂದು ಟಿವಿ ಚಿತ್ರದ ಕೊನೆಯ ತುಂಡೂ ಮುಂದಿನದರ ಮೊದಲ ತುಂಡೂ ಒಂದೇ ಚೌಕಟ್ಟಿನಲ್ಲಿ ಕೂಡುವ ಕಡೆ ಅಡ್ಡಪಟ್ಟಿಯೊಂದು ಎದ್ದು ಕಾಣುತ್ತಿತ್ತು.

ಇಷ್ಟು ಕಷ್ಟಪಟ್ಟು ಮಸುಕಾದ ಪ್ರತಿ ತೆಗೆಯುತ್ತಿದ್ದುದು ಮುಂದಿನ ಪೀಳಿಗೆಗೆಂದೇನಲ್ಲ. ಇಡೀ ದೇಶಕ್ಕೆ ಒಂದೇ ಗಡಿಯಾರವಿರುವ ನಮಗೆ ತಟ್ಟನೆ ಹೊಳೆಯದ ತೊಂದರೆಯೊಂದು ಅಲ್ಲಿತ್ತು: ನ್ಯೂಯಾರ್ಕಿನಲ್ಲಿ ರಾತ್ರಿ ಎಂಟಾದಾಗ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ಸಂಜೆ ಐದು. ಮೇಲಾಗಿ 1951ರ ಸೆಪ್ಟೆಂಬರಿನವರೆಗೆ ಎರಡು ಕರಾವಳಿಗಳ ನಡುವೆ ಟಿವಿ ಸಂಕೇತ ಸಾಗುವ ದಾರಿಯೇ ಇರಲಿಲ್ಲವಾದ್ದರಿಂದ ಪಶ್ಚಿಮದವರಿಗೆ ಫಿಲ್ಮಿನ ಸುರುಳಿಯನ್ನೇ ಕಳಿಸಬೇಕಿತ್ತು. ಮೈಕ್ರೋವೇವ್ ಗೋಪುರಗಳ ಸಾಲು ಸಿದ್ಧವಾದ ಮೇಲೂ ಗಡಿಯಾರದ ಅಂತರ ಹಾಗೆಯೇ ಉಳಿದು, ಸಂಜೆ ಬಂದ ಸಂಕೇತವನ್ನು ಫಿಲ್ಮಿಗೆ ಇಳಿಸಿ, ತರಾತುರಿಯಲ್ಲಿ ಸಂಸ್ಕರಿಸಿ, ಮೂರು ಗಂಟೆಗಳೊಳಗೆ ಪ್ರಸಾರಕ್ಕೆ ಹಚ್ಚುವ ಸಾಹಸ ನಿತ್ಯವೂ ನಡೆಯಿತು.

ಆಂಪೆಕ್ಸ್ ಕಂಪನಿ 1956ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಪ್ರದರ್ಶಿಸಿದ ವಿಡಿಯೋ ಟೇಪ್ ಯಂತ್ರ ಈ ಗೋಳನ್ನು ತಪ್ಪಿಸಿತು. ಎರಡು ಇಂಚು ಅಗಲದ ಟೇಪು ಸೆಕೆಂಡಿಗೆ 15 ಇಂಚಿನಂತೆ ನಿಧಾನವಾಗಿ ಸಾಗುತ್ತಿದ್ದರೆ, ಸಂಕೇತವನ್ನು ಟೇಪಿಗೆ ಬರೆಯುವ ನಾಲ್ಕು ಹೆಡ್‌ಗಳಿದ್ದ ಚಕ್ರವೊಂದು ನಿಮಿಷಕ್ಕೆ 14,400 ಸುತ್ತು ತಿರುಗುತ್ತ ಅದನ್ನು ಅಡ್ಡಡ್ಡಲಾಗಿ ಸವರುತ್ತಿತ್ತು. ಟೇಪಿನ ಮೇಲೆ ಹೆಡ್ ಹರಿಯುವ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಅದೇ ನವೆಂಬರ್ 30ರಂದು ಸಿಬಿಎಸ್ ನ್ಯೂಯಾರ್ಕಿನ ಸುದ್ದಿ ಪ್ರಸಾರವನ್ನು ಹಾಲಿವುಡ್‌ನಲ್ಲಿ ಟೇಪಿಗಿಳಿಸಿ ಮೂರು ಗಂಟೆ ತಡವಾಗಿ ಪಶ್ಚಿಮಕ್ಕೆ ತೋರಿಸಿತು. ಟೇಪು ದುಬಾರಿಯಾಗಿತ್ತು, ಆದರೆ ಒಮ್ಮೆ ಬಳಸಿದ್ದನ್ನು ಅಳಿಸಿ ಮತ್ತೆ ಬಳಸಬಹುದಾಗಿತ್ತು. ಹಾಗಾಗಿ ಅಂದಿನ ಎಷ್ಟೋ ಕಾರ್ಯಕ್ರಮಗಳು ಟೇಪಿನಿಂದ ಅಳಿದುಹೋದವು. ಫಿಲ್ಮನ್ನು ಹಾಗೆ ಅಳಿಸಲು ಬರುವುದಿಲ್ಲ. ಸೀಸರ್ ಕೆನ್ನೆಯ ಮೇಲಿನ ಸೊನ್ನೆ, ಇಂಟುಗಳು ಉಳಿದದ್ದು ಫಿಲ್ಮಿನಲ್ಲಿ.