ಒಂದೇ ತಲೆ, ಎರಡು ವಯಸ್ಸು

ಅಮೆರಿಕದ ಮನೋವಿಜ್ಞಾನಿಗಳ ದೊಡ್ಡ ಸಂಘವೊಂದಕ್ಕೆ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಮುಜುಗರವಾಯಿತು. ಹದಿನೆಂಟು ತುಂಬುವ ಮುಂಚೆ ಕೊಲೆ ಮಾಡಿದವರನ್ನು ಗಲ್ಲಿಗೇರಿಸಬಾರದು, ಆ ವಯಸ್ಸಿಗೆ ವಿವೇಚನೆ ಇನ್ನೂ ಬಲಿತಿರುವುದಿಲ್ಲ ಎಂದು ಸಂಘ ಲಿಖಿತವಾಗಿ ವಾದಿಸಿತ್ತು. ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಹಳೆಯ ಕಡತ ಬಿಚ್ಚಿದರು. 1990ರ ಮೊಕದ್ದಮೆಯೊಂದರಲ್ಲಿ ಇದೇ ಸಂಘ, ಹೆತ್ತವರ ನೆರವಿಲ್ಲದೆ ಗರ್ಭಪಾತದ ಬಗ್ಗೆ ತೀರ್ಮಾನಿಸುವಷ್ಟು ಬುದ್ಧಿ ಹದಿನಾಲ್ಕು-ಹದಿನೈದರ ಹುಡುಗಿಯರಿಗೆ ಇರುತ್ತದೆ ಎಂದು ಹೇಳಿತ್ತು. ಬೇಕಾದಾಗ ದೊಡ್ಡವರು, ಬೇಡವಾದಾಗ ಮಕ್ಕಳು, ಇದ್ಯಾವ ಸೀಮೆಯ ವಿಜ್ಞಾನ ಎಂಬುದು ಅವರ ಚುಚ್ಚುಮಾತಿನ ತಾತ್ಪರ್ಯ.

ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಯಾಕೆಂದರೆ ಯಾರಾದರೂ ಒಬ್ಬರು "ಮಿದುಳು ಬೆಳೆಯುವುದೇ ಇಪ್ಪತ್ತೈದಕ್ಕೆ, ಗೊತ್ತಾ?" ಎಂದು ಬಾಯಿ ಮುಚ್ಚಿಸುತ್ತಾರೆ.

ಸಂಘದ ಎರಡೂ ಮಾತು ನಿಜವಾಗಿರಲು ಸಾಧ್ಯ ಎಂದು ತೋರಿಸಿದವರು ಟೆಂಪಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್. ಅವರ ವಾದಕ್ಕೆ ಕನ್ನಡದಲ್ಲಿ ಹೊಸ ಪರಿಭಾಷೆ ಹುಡುಕಬೇಕಿಲ್ಲ. ನಾವು ಮೊದಲಿಂದಲೂ "ತಣ್ಣಗೆ ಕೂತು ಯೋಚನೆ ಮಾಡು" ಎನ್ನುತ್ತೇವೆ, "ಬಿಸಿರಕ್ತ, ಹಾಗೇ ಆಡ್ತಾನೆ" ಎಂದೂ ಅನ್ನುತ್ತೇವೆ. ತಣ್ಣನೆಯ ಯೋಚನೆಗೆ ಬೇಕಾದದ್ದು ನೆನಪು, ತರ್ಕ, ಮಾಹಿತಿಯನ್ನು ತೂಗಿ ನೋಡುವ ಶಕ್ತಿ. ಬಿಸಿ ಹೊತ್ತಿನಲ್ಲಿ ಬೇಕಾದದ್ದು ಬೇರೆ: ಸಿಟ್ಟು ತಡೆಯುವುದು, ಆಸೆಗೆ ಲಗಾಮು ಹಾಕುವುದು, ಗೆಳೆಯರು ಹುರಿದುಂಬಿಸುವಾಗ ಬೇಡ ಎನ್ನುವುದು. ಈ ಎರಡು ಶಕ್ತಿಗಳು ಒಂದೇ ತಲೆಯಲ್ಲಿದ್ದರೂ ಒಟ್ಟಿಗೆ ಬಲಿಯುವುದಿಲ್ಲ.

ಭಾರತವೂ ಸೇರಿ 11 ದೇಶಗಳಲ್ಲಿ, 10ರಿಂದ 30 ವರ್ಷದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಣ್ಣನೆಯ ಯೋಚನೆಯಲ್ಲಿ ಮಕ್ಕಳು ಹದಿನಾರರ ಹೊತ್ತಿಗೆ ದೊಡ್ಡವರ ಮಟ್ಟ ಮುಟ್ಟಿದ್ದರು. ಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿ ಮಾತ್ರ ಹದಿನೆಂಟು ದಾಟಿದ ಮೇಲೂ ಬೆಳೆಯುತ್ತಲೇ ಇತ್ತು.

ಒಳಗಿನ ಕಥೆ ಹೀಗಿದೆ. ಹರೆಯದಲ್ಲಿ ಮಿದುಳು ಬಳಕೆಯಿಲ್ಲದ ನರಸಂಪರ್ಕಗಳನ್ನು ಗಿಡ ಸವರಿದ ಹಾಗೆ ಸವರಿಹಾಕುತ್ತದೆ. ಉಳಿದ ನರತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಬೀಳುತ್ತದೆ, ಸಂದೇಶಗಳು ಚುರುಕಾಗಿ ಓಡುತ್ತವೆ. ಈ ಕೆಲಸ ಕಟ್ಟಕಡೆಗೆ ಮುಗಿಯುವುದು ಹಣೆಯ ಹಿಂದಿನ ಪ್ರಿಫ್ರಾಂಟಲ್ ಕಾರ್ಟೆಕ್ಸ್‌ನಲ್ಲಿ. ಬಹುಮಾನದ ವಾಸನೆಗೆ ಕುಣಿಯುವ ಒಳಭಾಗಗಳೋ, ಪ್ರಾಯಕ್ಕೆ ಬಂದ ಕೂಡಲೇ ಎಚ್ಚೆತ್ತಿರುತ್ತವೆ. ಇನ್ನು ಆ ಇಪ್ಪತ್ತೈದರ ಗಡಿ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಮಯೆಲಿನ್ ಮೂವತ್ತರ ಆಚೆಗೂ ಬದಲಾಗುತ್ತಿರುತ್ತದೆ.

ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಅದೊಂದು ಕಂಪ್ಯೂಟರ್ ಕಾರಿನ ಆಟ. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ಓಡಿಸುತ್ತೀರೋ ಅಷ್ಟು ಅಂಕ. ಹಠಾತ್ತನೆ ಗೋಡೆ ಎದುರಾದರೆ ಎಲ್ಲ ಹೋಯಿತು. ಗೆಳೆಯರು ಪಕ್ಕದಲ್ಲಿ ಕೂತಾಗ 13ರಿಂದ 16ರ ಮಕ್ಕಳ ದುಸ್ಸಾಹಸ ಇಮ್ಮಡಿಯಾಯಿತು. 24 ದಾಟಿದವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಆದರೆ ನಡುವಿನ ಗುಂಪನ್ನು ಗಮನಿಸಿ: 18ರಿಂದ 22ರವರಲ್ಲೂ ಅದು ಅರ್ಧದಷ್ಟು ಏರಿತು. ಬಿಸಿರಕ್ತವೇ ಅನರ್ಹತೆ ಎಂದಾದರೆ ಈಗಿನ ಹದಿನೆಂಟರ ಮತದಾರನೂ ಅನುತ್ತೀರ್ಣ!

ಹಾಗಾದರೆ ಮತ ಹಾಕುವುದು ಯಾವ ಬಗೆಯ ಕೆಲಸ? ದಿನಾಂಕ ವಾರಗಟ್ಟಲೆ ಮೊದಲೇ ಗೊತ್ತಿರುತ್ತದೆ. ಬಹಿರಂಗ ಪ್ರಚಾರ 48 ಗಂಟೆ ಮುಂಚೆ ನಿಲ್ಲುತ್ತದೆ. ಮತಯಂತ್ರದ ಮುಂದೆ ಒಬ್ಬರೇ ನಿಲ್ಲಬೇಕು, ಪಕ್ಕದಲ್ಲಿ ಗೆಳೆಯರ ದಂಡಿಲ್ಲ. ತಣ್ಣಗೆ ಮಾಡಲೆಂದೇ ರೂಪಿಸಿದ ಕೆಲಸ ಇದು. ಬೈಕ್ ರ‍್ಯಾಲಿಯ ಕೂಗು, ಮೊಬೈಲಿಗೆ ಬರುವ ಫಾರ್ವರ್ಡುಗಳೆಲ್ಲ ಬಿಸಿಯೇ, ಒಪ್ಪುತ್ತೇನೆ. ಆದರೆ ಫ್ಯಾಮಿಲಿ ಗ್ರೂಪಿನಲ್ಲಿ ಅವನ್ನು ಹಂಚುವವರು ಹದಿನಾರರ ಹುಡುಗರಿಗಿಂತ ನಮ್ಮ ಚಿಕ್ಕಪ್ಪಂದಿರೇ ಜಾಸ್ತಿ.

ಪ್ರಯೋಗಶಾಲೆಯ ಮಾತು ಸಾಕು, ನಿಜವಾಗಿ ಮತ ಹಾಕಿದ ಮಕ್ಕಳನ್ನು ನೋಡೋಣ. ಆಸ್ಟ್ರಿಯಾ 2007ರಲ್ಲಿ ಎಲ್ಲ ಚುನಾವಣೆಗೂ ವಯಸ್ಸನ್ನು 16ಕ್ಕೆ ಇಳಿಸಿತು. ಅಲ್ಲಿನ ಕಿರಿಯರಿಗೆ ಮತ ಹಾಕುವ ಉತ್ಸಾಹ ತುಸು ಕಡಿಮೆ ಎಂದು ಸಮೀಕ್ಷೆಯೊಂದರಲ್ಲಿ ಕಂಡಿತು. ಆದರೆ ತಮ್ಮ ಅಭಿಪ್ರಾಯಕ್ಕೆ ಒಗ್ಗುವ ಪಕ್ಷವನ್ನು ಆರಿಸುವುದರಲ್ಲಿ ಅವರು ಹಿರಿಯರಿಗಿಂತ ಹಿಂದಿರಲಿಲ್ಲ. 2010ರ ವಿಯೆನ್ನಾ ಚುನಾವಣೆಯಲ್ಲಿ ನಿಜಕ್ಕೂ ಯಾರು ಮತಗಟ್ಟೆಗೆ ಬಂದರು ಎಂದು ದಾಖಲೆ ತೆಗೆದು ನೋಡಿದಾಗ 16-17ರವರು 18ರಿಂದ 20ರವರನ್ನು ಹಿಂದಿಕ್ಕಿದ್ದರು. ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಕೇಳಿದ 2014ರ ಸ್ಕಾಟ್ಲೆಂಡ್ ಜನಮತಗಣನೆಯ ನಂತರ ಬ್ರಿಟನ್ನಿನ ಚುನಾವಣಾ ಆಯೋಗ ಸಮೀಕ್ಷೆ ನಡೆಸಿತು. ಮತ ಹಾಕಿದೆವು ಎಂದವರು 16-17ರಲ್ಲಿ ಶೇ. 75, 18-24ರಲ್ಲಿ ಶೇ. 54.

ಈ ವಿಚಿತ್ರದ ಉತ್ತರ ಮಿದುಳಿಗಿಂತ ಹೆಚ್ಚಾಗಿ ಮನೆಯಲ್ಲಿದೆ ಎಂಬುದು ನನ್ನ ಎಣಿಕೆ. ಡೆನ್ಮಾರ್ಕಿನ ದಾಖಲೆಗಳಲ್ಲಿ ಹದಿನೆಂಟು ತುಂಬಿದ ತಕ್ಷಣ ಮತದಾನದ ಪ್ರಮಾಣ ಸಾಕಷ್ಟಿದ್ದು, ಮುಂದಿನ ಎರಡು-ಮೂರು ವರ್ಷಗಳಲ್ಲಿ ಕುಸಿಯುತ್ತದೆ. ಆ ವರ್ಷಗಳಲ್ಲೇ ಮಕ್ಕಳು ಮನೆ ಬಿಡುವುದು. ಅಪ್ಪ-ಅಮ್ಮ ಮತಗಟ್ಟೆಗೆ ಹೊರಟಾಗ ಜೊತೆಗೆ ಹೆಜ್ಜೆ ಹಾಕುವ ಅಭ್ಯಾಸ ಅಲ್ಲಿಗೆ ತಪ್ಪುತ್ತದೆ. ಮೊದಲ ಮತ ತಪ್ಪಿಸಿಕೊಂಡವರಿಗೆ ಎರಡನೆಯದೂ ತಪ್ಪುವ ಸಾಧ್ಯತೆ ಹೆಚ್ಚು.

ನಮ್ಮ ದೇಶದ ವಯಸ್ಸಿನ ಅಂಕಿಯನ್ನು ನಿರ್ಧರಿಸಿದ್ದೂ ಮಿದುಳಿನ ವಿಜ್ಞಾನವಲ್ಲ. ಸಂವಿಧಾನದ 326ನೇ ವಿಧಿಯಲ್ಲಿದ್ದ 21 ಎಂಬ ಅಂಕಿ ಇಂಗ್ಲಿಷ್ ಕಾನೂನಿನಿಂದ ಬಂದ ಬಳುವಳಿ. ಅದರ ಬೇರು, ಕಬ್ಬಿಣದ ಕವಚ ಹೊತ್ತು ಕಾದಾಡಬಲ್ಲ ಮಧ್ಯಯುಗದ ಸರದಾರನ ವಯಸ್ಸಿನಲ್ಲಿದೆ ಎನ್ನುತ್ತಾರೆ ಇತಿಹಾಸಕಾರರು. 1988ರ ಡಿಸೆಂಬರಿನಲ್ಲಿ ಅದನ್ನು 18ಕ್ಕೆ ಇಳಿಸುವ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರು ಚಿಕ್ಕೋಡಿಯ ಸಂಸದ, ಆಗಿನ ಕೇಂದ್ರ ಸಚಿವ ಬಿ. ಶಂಕರಾನಂದ. 1989ರ ಮಾರ್ಚ್ 28ರಂದು 61ನೇ ತಿದ್ದುಪಡಿ ಜಾರಿಗೆ ಬಂತು. ಹಲವು ದೇಶಗಳಲ್ಲಿ 18 ಇದೆ, ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳಿಗೆ ಆಗಲೇ 18 ಮಾಡಿವೆ ಎಂಬುದು ಮಸೂದೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಅದೇ 1988ರಲ್ಲಿ ಬ್ರೆಜಿಲ್ ತನ್ನ ಹೊಸ ಸಂವಿಧಾನದಲ್ಲಿ 16-17ರವರಿಗೆ ಇಷ್ಟವಿದ್ದರೆ ಮತ ಹಾಕಿ ಎಂದಿತು.

ಹದಿನಾರೇ ಸರಿ ಎಂದು ವಿಜ್ಞಾನ ಹೇಳಲಾರದು, ಅದು ಸಮಾಜ ಕೂತು ತೀರ್ಮಾನಿಸುವ ಮಾತು. ನನ್ನನ್ನು ಕೇಳಿದರೆ ಗ್ರಾಮ ಪಂಚಾಯಿತಿಯಿಂದ ಶುರು ಮಾಡಿ ನೋಡಬಹುದು ಎನ್ನುತ್ತೇನೆ. ಕುಡಿಯುವ ನೀರು, ಶಾಲೆಯ ಶೌಚಾಲಯ, ಬಸ್ಸು ಬಾರದ ರಸ್ತೆ, ಇವೆಲ್ಲ ಪಿಯುಸಿ ಓದುವವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಸದ್ಯಕ್ಕೆ ಒಂದು ಸಣ್ಣ ಬಾಗಿಲು ತೆರೆದಿದೆ. 2022ರಿಂದ ಹದಿನೇಳು ತುಂಬಿದವರು ಫಾರಂ 6 ತುಂಬಿ ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು. ಹದಿನೆಂಟು ತುಂಬಿದೆಯೇ ಎಂದು ನೋಡಲು ಮೊದಲು ಜನವರಿ 1 ಒಂದೇ ಲೆಕ್ಕವಾಗಿತ್ತು. ಜನವರಿ 2ರಂದು ಹುಟ್ಟಿದವರು ಸುಮ್ಮನೆ ಒಂದು ವರ್ಷ ಕಾಯಬೇಕಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಲೆಕ್ಕಕ್ಕಿವೆ. ಶಿರಸಿಯ ಹುಡುಗಿ ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಮನೆಯ ವಿಳಾಸಕ್ಕೆ ಅರ್ಜಿ ಹಾಕುತ್ತಾಳೆ. ಗುರುತಿನ ಚೀಟಿ ಅಂಚೆಯಲ್ಲಿ ಮನೆ ತಲುಪುವಾಗ ಅವಳು ಬೆಂಗಳೂರಿನ ಪಿಜಿಯಲ್ಲಿ ಇರುತ್ತಾಳೆ. ಅಮ್ಮ ಅದನ್ನು ಬೀರುವಿನಲ್ಲಿ, ಮಾರ್ಕ್ಸ್ ಕಾರ್ಡಿನ ಜೊತೆ ಜೋಪಾನವಾಗಿ ಎತ್ತಿಡುತ್ತಾಳೆ.