ಗೂಡ್ಸ್ ರೈಲು ಯಾವಾಗ ಬರುತ್ತೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ರೈಲು ಅಂದ್ರೆ ಪ್ರಾಣ. ಶಿವಮೊಗ್ಗದಲ್ಲಿ ತುಂಗಾ ಸೇತುವೆ ದಾಟುವ ಪ್ಯಾಸೆಂಜರ್ ರೈಲು ತೋರಿಸ್ತೀನಿ, ಅದರ ಟೈಮ್ ಗೊತ್ತಿರುತ್ತೆ. ಆದರೆ ಅವಳಿಗೆ ಬೇಕಾಗಿರೋದು ಉದ್ದನೆಯ ಗೂಡ್ಸ್. ಅದು ಯಾವಾಗ ಬರುತ್ತೆ ಅಂತ ಯಾವ ಆಪ್‌ನಲ್ಲೂ ಸಿಗಲ್ಲ. ಸಕಲೇಶಪುರದ ಘಾಟಿಗೆ ಕರ್ಕೊಂಡು ಹೋದ್ರೂ ಹೀಗೇನಾ?

ಉತ್ತರ: ಘಾಟಿಯಲ್ಲೂ ಹೀಗೇ. ಗೂಡ್ಸ್ ರೈಲಿಗೆ ನಮ್ಮ ಕೈಗೆ ಸಿಗುವಂಥ ವೇಳಾಪಟ್ಟಿ ಇಲ್ಲ. ರೈಲ್ವೆಯ ಎನ್‌ಟಿಇಎಸ್ ಆಪ್ ತೋರಿಸುವುದು ಪ್ರಯಾಣಿಕರ ರೈಲುಗಳನ್ನು ಮಾತ್ರ. ಗೂಡ್ಸ್ ಹೊರಡುವುದು ಲೋಡಿಂಗ್ ಮುಗಿದ ಮೇಲೆ, ಎಂಜಿನ್ ಸಿಕ್ಕ ಮೇಲೆ, ಡ್ರೈವರ್ ಮತ್ತು ಗಾರ್ಡ್ ಡ್ಯೂಟಿಗೆ ಬಂದ ಮೇಲೆ. ಇಷ್ಟೂ ಕೂಡಿ ಬಂದರೂ ಮುಂದಿನ ದಾರಿ ಖಾಲಿ ಇರಬೇಕು. ಬೀರೂರು–ಶಿವಮೊಗ್ಗ–ತಾಳಗುಪ್ಪ ಲೈನೂ ಸಕಲೇಶಪುರದ ಘಾಟಿಯೂ ಮೈಸೂರು ವಿಭಾಗಕ್ಕೆ ಸೇರಿದವು. ಯಾವ ಗೂಡ್ಸನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಬಿಡಬೇಕು ಅಂತ ಕಂಟ್ರೋಲ್ ಆಫೀಸಿನಲ್ಲಿ ಕೂತ ಸೆಕ್ಷನ್ ಕಂಟ್ರೋಲರ್ ಆಗಿಂದಾಗ್ಗೆ ತೀರ್ಮಾನ ಮಾಡುತ್ತಿರುತ್ತಾರೆ.

ಆದರೂ ಗೂಡ್ಸ್ ಬರುವ ಸುಳಿವು ಮೊದಲೇ ಸಿಗುತ್ತದೆ. ನಮ್ಮ ಈ ಎರಡೂ ಲೈನ್‌ಗಳು ಸಿಂಗಲ್ ಲೈನ್ ಆಗಿರುವುದೇ ಇದಕ್ಕೆ ಕಾರಣ. ಹೋಗುವ ರೈಲಿಗೂ ಬರುವ ರೈಲಿಗೂ ಒಂದೇ ಹಳಿ. ಎರಡು ಸ್ಟೇಷನ್‌ಗಳ ನಡುವೆ ಒಂದು ಸಲಕ್ಕೆ ಒಂದೇ ರೈಲು ಇರಬೇಕು. ಮುಂದಿನ ಸ್ಟೇಷನ್ ಮಾಸ್ಟರ್ 'ಲೈನ್ ಕ್ಲಿಯರ್', ಅಂದರೆ ರೈಲು ಕಳಿಸಬಹುದು ಅನ್ನುವ ಒಪ್ಪಿಗೆ, ಕೊಡದೆ ಈ ಕಡೆಯ ಸಿಗ್ನಲ್ ಬೀಳುವುದಿಲ್ಲ. ಎದುರುಬದುರಾದ ರೈಲುಗಳು ಒಂದನ್ನೊಂದು ದಾಟಬೇಕಾದರೆ ಸ್ಟೇಷನ್ನಿಗೇ ಬರಬೇಕು. ಅಲ್ಲಿ ಪಕ್ಕದ ಲೂಪ್ ಲೈನಿನಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಸಾಮಾನ್ಯವಾಗಿ ನಿಲ್ಲುವುದು ಗೂಡ್ಸೇ.

ಹಾಗಾಗಿ ಪ್ರಯಾಣಿಕರ ರೈಲಿನ ವೇಳಾಪಟ್ಟಿಯಲ್ಲಿ ಎರಡು ರೈಲುಗಳ ನಡುವೆ ಖಾಲಿ ಬಿದ್ದಿರುವ ಹೊತ್ತನ್ನು ನೋಡಿ. ಗೂಡ್ಸ್ ಓಡುವುದು ಆ ಹೊತ್ತಿನಲ್ಲಿ. ತುಂಬ ಜನ ಮಾಡುವುದೇನು ಗೊತ್ತಾ? ಎಕ್ಸ್‌ಪ್ರೆಸ್ ಹೋದ ತಕ್ಷಣ 'ಮುಗೀತು, ನಡಿ' ಅಂತ ಗಾಡಿ ಸ್ಟಾರ್ಟ್ ಮಾಡುತ್ತಾರೆ. ನಿಜವಾಗಿ ಕಾಯಬೇಕಾದ್ದು ಆಗಲೇ. ಎಕ್ಸ್‌ಪ್ರೆಸ್ಸಿಗಾಗಿ ಹಿಂದಿನ ಸ್ಟೇಷನ್ನಿನಲ್ಲೋ ಮುಂದಿನ ಸ್ಟೇಷನ್ನಿನಲ್ಲೋ ತಡೆದಿದ್ದ ಗೂಡ್ಸನ್ನು ಅದು ದಾಟಿದ ಮೇಲೆ ಬಿಡುತ್ತಾರೆ. ಅರ್ಧ ಮುಕ್ಕಾಲು ಗಂಟೆ ಕೂತರೆ ಸಿಗುವ ಸಂಭವ ಜಾಸ್ತಿ.

ಆಪ್ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಪ್ಯಾಸೆಂಜರ್ ರೈಲೊಂದು ಒಂದೆರಡು ನಿಮಿಷ ನಿಲ್ಲಬೇಕಾದ ಸಣ್ಣ ಸ್ಟೇಷನ್ನಿನಲ್ಲಿ ಕಾಲು ಗಂಟೆಯಾದರೂ ಕದಲಿಲ್ಲ ಅಂದುಕೊಳ್ಳಿ. ಎದುರಿನಿಂದ ಏನೋ ಬರುತ್ತಿದೆ ಅಂತ ಲೆಕ್ಕ ಹಾಕಬಹುದು. ಆ ಹೊತ್ತಿಗೆ ಬೇರೆ ಪ್ರಯಾಣಿಕರ ರೈಲು ಆಪ್‌ನಲ್ಲಿ ಕಾಣದಿದ್ದರೆ, ಬರುತ್ತಿರುವುದು ಗೂಡ್ಸ್ ಅಥವಾ ಒಂಟಿ ಎಂಜಿನ್.

ಶಿವಮೊಗ್ಗ ಟೌನ್ ಸ್ಟೇಷನ್ನಿನಿಂದಲೇ ಶುರು ಮಾಡಿ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡರೆ ಎರಡು ಗಂಟೆ ಇರಬಹುದು. ಮಗಳನ್ನು ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರದ ಬೆಂಚಿನ ಮೇಲೆ ಕೂರಿಸಿ ಸಿಗ್ನಲ್ ತೋರಿಸಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಮ್ಮ ಕಡೆ ಮುಖ ಮಾಡಿರುವುದು ಸ್ಟಾರ್ಟರ್ ಸಿಗ್ನಲ್. ಅದು ಸ್ಟೇಷನ್ನಿನಿಂದ ಹೊರಡುವ ರೈಲಿಗೆ. ಒಳಗೆ ಬರುವ ರೈಲಿಗೆ ಇರುವ ಹೋಮ್ ಸಿಗ್ನಲ್ ಸ್ಟೇಷನ್ನಿನ ಆಚೆ ಇರುತ್ತದೆ, ನಮಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಯಾವ ರೈಲೂ ಇಲ್ಲ, ಆದರೂ ಸ್ಟಾರ್ಟರ್ ಕೆಂಪಿನಿಂದ ಹಸಿರಿಗೆ ತಿರುಗಿತು ಅಂದರೆ ನಿಲ್ಲದೆ ಹಾದುಹೋಗುವ ರೈಲು ಬರುತ್ತಿದೆ. ಇದಕ್ಕೂ ಮೊದಲು ಇನ್ನೊಂದು ಸುಳಿವು ಕಿವಿಗೆ ಬೀಳುತ್ತದೆ. ಸ್ಟೇಷನ್ ಮಾಸ್ಟರ್ ರೂಮಿನಲ್ಲಿ ಬ್ಲಾಕ್ ಇನ್‌ಸ್ಟ್ರುಮೆಂಟಿನ ಗಂಟೆ ಟಿಣ್ ಟಿಣ್ ಅನ್ನುತ್ತದೆ. ಪಕ್ಕದ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೇಳುವಾಗ ಹೊಡೆಯುವ ಗಂಟೆ ಅದು. ಆಮೇಲೆ ಹಳಿ ಕವಲೊಡೆಯುವ ಜಾಗದಲ್ಲಿ ಮೋಟರ್ ಗುರ್ ಅಂದು ಪಾಯಿಂಟ್, ಅಂದರೆ ದಾರಿ ಬದಲಿಸುವ ಹಳಿ, ಪಕ್ಕಕ್ಕೆ ಸರಿಯುತ್ತದೆ. ಗಂಟೆ, ಪಾಯಿಂಟ್, ಸಿಗ್ನಲ್, ಆಮೇಲೆ ರೈಲು. ಮಕ್ಕಳು ಈ ಕ್ರಮವನ್ನು ಬೇಗ ಹಿಡಿದುಬಿಡುತ್ತಾರೆ, ದೊಡ್ಡವರಿಗಿಂತ ಬೇಗ.

ಸ್ಟೇಷನ್ನಿಗೆ ಹೋಗಲು ಆಗದಿದ್ದರೆ ರೈಲ್ವೆ ಗೇಟ್ ಇದೆಯಲ್ಲ. ವೇಳಾಪಟ್ಟಿಯಲ್ಲಿ ಯಾವ ರೈಲೂ ಇಲ್ಲದ ಹೊತ್ತಲ್ಲಿ ಗೇಟ್ ಬಿತ್ತು ಅಂದರೆ ಖುಷಿಪಡಿ. ಗೇಟಿನ ಮುಂಚೆ ಹಳಿ ಪಕ್ಕದಲ್ಲಿ ಹಳದಿ ಸೀಟಿ ಬೋರ್ಡ್ ಇರುತ್ತದೆ. ಅಲ್ಲಿಂದ ಡ್ರೈವರ್ ಹಾರ್ನ್ ಹೊಡೆಯಲೇಬೇಕು. ತಿರುವು ಇರುವ ಕಡೆ ಎಂಜಿನ್ ಕಾಣುವ ಮೊದಲೇ ಹಾರ್ನ್ ಕೇಳುವುದು ಇದರಿಂದ. ಗೇಟ್‌ಮ್ಯಾನ್ ಹತ್ತಿರ ಹೋಗಿ 'ಅಣ್ಣಾ, ಗೂಡ್ಸ್ ಯಾವಾಗ?' ಅಂತ ಕೇಳಬೇಡಿ. ಅವರ ಗಮನ ಫೋನಿನ ಮೇಲೂ ಹಳಿಯ ಮೇಲೂ ಇರಬೇಕು.

ಶಿವಮೊಗ್ಗದ ಮಟ್ಟಿಗೆ ಒಂದು ಮಾತು ನೇರವಾಗಿ ಹೇಳಬೇಕು. ಇದು ಗೂಡ್ಸ್ ತುಂಬಿ ತುಳುಕುವ ಲೈನ್ ಅಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಮೇಲೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಬಂದು ಈ ಹಳಿಗೆ ಕೈತುಂಬ ಕೆಲಸ ಸಿಕ್ಕಿತ್ತು. ಈಗ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಆ ಊರಿನ ಮಟ್ಟಿಗೆ ಅದು ಬರೀ ರೈಲಿನ ನಷ್ಟ ಅಲ್ಲ, ನೆನೆದರೆ ಸಂಕಟವಾಗುತ್ತದೆ. ಇನ್ನು ಶಿವಮೊಗ್ಗಕ್ಕೆ ಗೊಬ್ಬರದ ರೇಕ್, ಅಂದರೆ ಗೊಬ್ಬರ ತುಂಬಿದ ಗೂಡ್ಸ್, ಬರುತ್ತದೆ. ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರಕ್ಕೆ ಬೇಡಿಕೆ ಇರುವುದರಿಂದ ಆಗ ಕಣ್ಣಿಡಿ. ತಾಳಗುಪ್ಪದ ಕಡೆ ಹೋಗಿ ಗೂಡ್ಸ್ ಕಾಯಬೇಡಿ. ಅಲ್ಲಿಗೆ ಲೈನೇ ಮುಗಿಯಿತು, ಆಚೆ ಹಡಗು ನಿಲ್ಲುವ ಬಂದರು ಇಲ್ಲ, ದೊಡ್ಡ ಕಾರ್ಖಾನೆಯೂ ಇಲ್ಲ. ಆ ಕಡೆ ಹೋಗಬೇಕಾದ್ದು ಕುಂಸಿ, ಅರಸಾಳು, ಆನಂದಪುರದ ಕಾಡಿನ ನಡುವೆ ಪ್ಯಾಸೆಂಜರ್ ರೈಲಿನಲ್ಲಿ ಕೂತು ಹೋಗುವ ಸುಖಕ್ಕೆ. ನದಿ ಬೇಕೆಂದರೆ ಭದ್ರಾವತಿಯಲ್ಲಿ ಭದ್ರೆಯನ್ನೂ ಶಿವಮೊಗ್ಗದಲ್ಲಿ ತುಂಗೆಯನ್ನೂ ರೈಲು ದಾಟುತ್ತದೆ.

ಗೂಡ್ಸಿಗೇ ಅಂತ ಹೊರಟರೆ ಸಕಲೇಶಪುರದ ಘಾಟಿಯೇ ಸರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಕೆಳಗೆ ಕೆಂಪುಹೊಳೆ. ಅದರ ನೀರು ಮುಂದೆ ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಆಗುತ್ತದೆ. ಮೀಟರ್‌ಗೇಜ್ ಕಾಲದಲ್ಲಿ, 1979ರಲ್ಲಿ, ಶುರುವಾದ ದಾರಿ ಇದು. ಬ್ರಾಡ್‌ಗೇಜ್ ಆದ ಮೇಲೆ ಇಲ್ಲಿ ಮೊದಲು ಓಡಿದ್ದು ಗೂಡ್ಸ್, 2006ರಲ್ಲಿ. ಪ್ರಯಾಣಿಕರ ಸರದಿ ಬಂದದ್ದು 2007ರ ಡಿಸೆಂಬರಿನಲ್ಲಿ. ಕೆಳಗೆ ನವಮಂಗಳೂರು ಬಂದರು ಇದೆಯಲ್ಲ, ಈ ದಾರಿಯಲ್ಲಿ ಗೂಡ್ಸಿಗೆ ಇಷ್ಟು ಬೆಲೆ ಬಂದದ್ದು ಅದರಿಂದ.

ಇಲ್ಲಿನ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರಸ್ತೆಗೆ ಇದು ಏನೂ ಅಲ್ಲ, ಬೈಕಿನವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಪ್ರತಿ ಸಾವಿರ ಟನ್ ತೂಕಕ್ಕೆ ಈ ಏರು 20 ಟನ್ನಿನಷ್ಟು ಜೋರಿನಲ್ಲಿ ರೈಲನ್ನು ಹಿಂದಕ್ಕೆ ಜಗ್ಗುತ್ತದೆ. ಕಲ್ಲಿದ್ದಲು ತುಂಬಿದ ಒಂದೊಂದು ವ್ಯಾಗನ್ನೇ ಎಂಬತ್ತು ಟನ್ ದಾಟುತ್ತದೆ. ಎಲ್ಲ ಎಂಜಿನ್‌ಗಳನ್ನೂ ಮುಂದೆಯೇ ಕಟ್ಟಿ ಎಳೆದರೆ ಮುಂದಿನ ವ್ಯಾಗನ್ನುಗಳ ಕೊಂಡಿ ಆ ಭಾರ ತಡೆಯಲಾರದು. ಅದಕ್ಕೇ ಹಿಂದೆಯೂ ಎಂಜಿನ್ ಸೇರಿಸಿ ತಳ್ಳಿಸುತ್ತಾರೆ. ಇದನ್ನು ಬ್ಯಾಂಕರ್ ಅನ್ನುತ್ತಾರೆ. ಏರಿನಲ್ಲಿ ಕೊಂಡಿ ಕಳಚಿದರೂ ವ್ಯಾಗನ್ನುಗಳು ಹಿಂದಕ್ಕೆ ಓಡದಂತೆ ಅದು ಆತು ಹಿಡಿಯುತ್ತದೆ.

ನಿಮ್ಮ ಪ್ರಶ್ನೆಗೆ ಈ ಬ್ಯಾಂಕರೇ ಒಳ್ಳೆಯ ಉತ್ತರ. ಏರುವ ರೈಲಿಗೆ ಅದನ್ನು ಸೇರಿಸುವುದು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ. ಎಂಜಿನ್ ಮೆಲ್ಲನೆ ಹಿಂದಿನಿಂದ ಬಂದು ಕೊನೆಯ ಡಬ್ಬಿಗೆ ಢಬ್ ಅಂತ ತಾಗುತ್ತದೆ. ಆಮೇಲೆ ಬ್ರೇಕ್ ಪೈಪ್ ಜೋಡಿಸಿ, ಗಾಳಿ ತುಂಬಿ, ಪರೀಕ್ಷೆ ಮಾಡುತ್ತಾರೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಹಾಗಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಗೂಡ್ಸ್ ಹೊರಡುವ ಸೂಚನೆ ಮೊದಲೇ ಸಿಕ್ಕಿರುತ್ತದೆ. ಮೇಲೆ ಸಕಲೇಶಪುರದಲ್ಲಿ ಇದರ ಉಲ್ಟಾ. ಬ್ಯಾಂಕರ್ ಬಿಚ್ಚಿಕೊಂಡು, ಡಬ್ಬಿಗಳಿಲ್ಲದೆ ಬರೀ ಎಂಜಿನ್‌ಗಳು ಕೆಳಗೆ ಹೊರಟವು ಅಂದರೆ ಕೆಳಗೆ ಇನ್ನೊಂದು ರೈಲನ್ನು ತಳ್ಳುವ ಕೆಲಸಕ್ಕೆ ಅವು ವಾಪಸ್ ಹೋಗುತ್ತಿವೆ. ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಇಳಿದು, ಸೇರಿ, ಮತ್ತೆ ಏರಿ ಬರಲು ಎಷ್ಟು ಗಂಟೆ ಬೇಕು ಅಂತ ನೀವೇ ಲೆಕ್ಕ ಹಾಕಿ, ಮಧ್ಯೆ ಪೇಟೆಗೆ ಹೋಗಿ ಊಟ ಮುಗಿಸಿಕೊಂಡು ಬರಬಹುದು.

ಏರುವ ಗೂಡ್ಸನ್ನು ಹತ್ತಿರದಿಂದ ಕೇಳುವುದೇ ಒಂದು ಅನುಭವ. ಮುಂದಿನ ಎಂಜಿನ್‌ಗಳ ಸದ್ದು ನೆಲಕ್ಕೇ ಇಳಿದಂತೆ ಬಂದು ಹಾದುಹೋಗುತ್ತದೆ. ಆಮೇಲೆ ಬಹಳ ಹೊತ್ತು ಬರೀ ವ್ಯಾಗನ್ನುಗಳ ಕಿರಗುಡುವಿಕೆ, ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವ ಸದ್ದು. ಎಲ್ಲ ಮುಗಿಯಿತು ಅನ್ನುವಾಗ ಹಿಂದಿನ ಎಂಜಿನ್‌ಗಳು ಮತ್ತೆ ಅದೇ ಜೋರಿನಲ್ಲಿ ಬರುತ್ತವೆ. ನಿಮ್ಮ ಮಗಳು ಕುಣಿಯುವುದು ಖಂಡಿತ ಆ ಗಳಿಗೆಯಲ್ಲಿ.

ಎಲ್ಲಿ ನಿಂತು ನೋಡಬೇಕು? ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ಪ್ಲಾಟ್‌ಫಾರ್ಮ್‌ಗಳು ಸಾಕು. ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿಗೆ ಹಳಿ ಮೇಲೆ ನಡೆದು ಹೋಗುವ ಆಸೆ ಯಾರಾದರೂ ಹುಟ್ಟಿಸಿದರೆ ದಯವಿಟ್ಟು ಬೇಡ ಅನ್ನಿ. ಹಳಿ ಮೇಲೆ ಅತಿಕ್ರಮ ಪ್ರವೇಶ ಮಾಡಿದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಆಮೇಲಿನ ಮಾತು. ಸುರಂಗದ ನಡುವೆ ಇರುವಾಗ ರೈಲು ಬಂದರೆ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಓಡುತ್ತೀರಿ? ತಂತಿ ಎಳೆದಿರುವ ಕಡೆ ತಲೆ ಮೇಲೆ 25,000 ವೋಲ್ಟ್ ಇರುತ್ತದೆ. ಮುಟ್ಟಬೇಕಾಗಿಯೇ ಇಲ್ಲ, ಹತ್ತಿರ ಹೋದರೂ ಹೊಡೆಯುತ್ತದೆ. ಸೆಲ್ಫಿ ಸ್ಟಿಕ್ ಎತ್ತಿ ಹಿಡಿಯುವುದು, ನಿಂತ ವ್ಯಾಗನ್ ಹತ್ತುವುದು ಎರಡೂ ಬೇಡ.

ಘಾಟಿಯ ಒಳಗಿನ ಗೂಡ್ಸ್ ನೋಡಲು ಒಳ್ಳೆಯ ದಾರಿ ಬೇರೆಯೇ ಇದೆ. ಹಗಲು ಘಾಟಿ ಇಳಿಯುವ ಪ್ರಯಾಣಿಕರ ರೈಲಿಗೆ ಟಿಕೆಟ್ ಮಾಡಿಸಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಸ್ಟೇಷನ್‌ಗಳಲ್ಲಿ ಕ್ರಾಸಿಂಗ್ ಬಿದ್ದರೆ ಪಕ್ಕದ ಹಳಿಯಲ್ಲಿ ಗೂಡ್ಸ್ ನಿಂತಿರುತ್ತದೆ, ಕಿಟಕಿಯಿಂದ ಕೆಲವೇ ಅಡಿ ದೂರ. 2021ರಿಂದ ಈ ದಾರಿಯ ಹಗಲು ರೈಲುಗಳಿಗೆ ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ದುಡ್ಡು ಜಾಸ್ತಿ. ನನ್ನ ಕೇಳಿದರೆ ಕಿಟಕಿ ತೆರೆಯಬಹುದಾದ ಮಾಮೂಲಿ ಬೋಗಿಯೇ ಮೇಲು, ಸದ್ದೂ ತಂಪೂ ಒಳಗೆ ಬರುತ್ತವೆ.

ಹೋಗಲು ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯದು. ಹೊಳೆಯಲ್ಲಿ ಇನ್ನೂ ನೀರಿರುತ್ತದೆ, ಮಳೆಯ ಕಾಟ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಘಾಟಿ ಚೆಂದವೇನೋ ಹೌದು, ಆದರೆ 2018ರ ಆಗಸ್ಟಿನಲ್ಲೂ 2024ರ ಜುಲೈನಲ್ಲೂ ಗುಡ್ಡ ಕುಸಿದು ರೈಲು ನಿಂತಿದ್ದವು. ಮಳೆಗಾಲದಲ್ಲಿ ಹೊರಡುವ ಮುನ್ನ ರೈಲು ಓಡುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ.

ಕೊನೆಗೆ ಮಗಳಿಗೊಂದು ಕೆಲಸ. ಗೂಡ್ಸ್ ನಿಂತಿದ್ದಾಗ ವ್ಯಾಗನ್ನಿನ ಮೈಮೇಲಿನ ನಂಬರ್ ಓದಲು ಹೇಳಿ. ಅದರಲ್ಲಿ ಹನ್ನೊಂದು ಅಂಕಿ ಇರುತ್ತವೆ. ಮೊದಲ ಎರಡು ವ್ಯಾಗನ್ನಿನ ಜಾತಿ, ಆಮೇಲಿನ ಎರಡು ಅದು ಯಾವ ರೈಲ್ವೆ ವಲಯಕ್ಕೆ ಸೇರಿದ್ದು ಅಂತ. ಐದನೆಯ ಮತ್ತು ಆರನೆಯ ಅಂಕಿ ಸೇರಿದರೆ ತಯಾರಾದ ವರ್ಷ. 09 ಅಂತ ಇದ್ದರೆ 2009. ಒಂದು ನೋಟ್‌ಬುಕ್, ಪೆನ್ಸಿಲ್ ಕೊಟ್ಟುಬಿಡಿ. ವಯಸ್ಸಿನಲ್ಲಿ ತನಗಿಂತ ದೊಡ್ಡ ವ್ಯಾಗನ್ ಎಷ್ಟು, ತನಗಿಂತ ಚಿಕ್ಕದು ಎಷ್ಟು ಅಂತ ಅವಳೇ ಪಟ್ಟಿ ಮಾಡಲಿ.