ಮಾತು ಕೇಳದ ನಾಯಿಗೆ ಮೈ ಹುಷಾರಿದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ನಾಯಿಗಳಿಗೆ ತರಬೇತಿ ಕೊಡುತ್ತೇನೆ. ಮಾಲೀಕರು ನಾಯಿಯ ಆರೋಗ್ಯದ ಬಗ್ಗೆಯೂ ನನ್ನನ್ನೇ ಕೇಳುತ್ತಾರೆ. ನಾನು ಪಶುವೈದ್ಯನಲ್ಲ. ಎಷ್ಟು ತಿಳಿದುಕೊಂಡಿದ್ದರೆ ಸಾಕು?

ಉತ್ತರ: ಔಷಧಿಯ ಹೆಸರು ಒಂದೂ ಗೊತ್ತಿರದಿದ್ದರೂ ನಡೆಯುತ್ತದೆ. ಆರೋಗ್ಯವಾಗಿರುವ ನಾಯಿ ಹೇಗಿರುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಟ್ಟಿದಂತಿರಬೇಕು. ವೈದ್ಯರು ನಾಯಿಯನ್ನು ನೋಡುವುದು ಕೆಲವೇ ನಿಮಿಷ, ಅದೂ ಮೇಜಿನ ಮೇಲೆ ಅದು ನಡುಗುತ್ತಾ ನಿಂತಿರುವಾಗ. ನೀವಾದರೋ ಅದು ಓಡುವುದು, ಕೂರುವುದು, ಮೆಟ್ಟಿಲು ಹತ್ತುವುದು ಎಲ್ಲವನ್ನೂ ವಾರವಾರವೂ ನೋಡುತ್ತೀರಿ.

ನಿನ್ನೆಯವರೆಗೆ ಹೇಳಿದ ತಕ್ಷಣ ಕೂರುತ್ತಿದ್ದ ಲ್ಯಾಬ್ರಡಾರ್ ಇಂದು ಅರ್ಧ ಬಗ್ಗಿ ನಿಂತುಬಿಡುತ್ತದೆ. ಕೂತರೂ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚುತ್ತದೆ. ಮಾಲೀಕರು ‘ಮೊಂಡು’ ಎನ್ನುತ್ತಾರೆ. ನೀವೂ ಹಾಗೆಯೇ ಎಂದರೆ ಕೆಲಸ ಕೆಟ್ಟಂತೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ. ಅಪಾರ್ಟ್‌ಮೆಂಟುಗಳ ನುಣುಪು ಟೈಲ್ಸ್ ಆ ನೋವನ್ನು ಇನ್ನಷ್ಟು ಹೆಚ್ಚಿಸುತ್ತದೆ. ತಲೆ ಸವರಲು ಹೋದರೆ ಗುರ್ ಎನ್ನುವ ನಾಯಿಯ ಕಿವಿಯನ್ನು ಮೂಸಿ ನೋಡಿ, ಸೋಂಕಿದ್ದರೆ ವಾಸನೆಯೇ ಹೇಳುತ್ತದೆ. ಮನೆಯೊಳಗೆ ಮೂತ್ರ ಮಾಡುವುದನ್ನು ಬಿಟ್ಟಿದ್ದ ನಾಯಿ ಮತ್ತೆ ಶುರುಮಾಡಿದರೆ ಮೂತ್ರ ಪರೀಕ್ಷೆ ಮೊದಲು, ತರಬೇತಿ ಆಮೇಲೆ. ನೋವಿನಲ್ಲಿರುವ ನಾಯಿಯನ್ನು ತಿದ್ದಲು ಹೊರಡುವುದು ನನ್ನ ಪ್ರಕಾರ ಈ ವೃತ್ತಿಯ ಅತಿ ದೊಡ್ಡ ತಪ್ಪು.

ಪ್ರತಿ ತರಗತಿಯ ಆರಂಭದಲ್ಲಿ ಒಂದು ನಿಮಿಷ ಮೈ ನೋಡಿ. ಮೇಲಿನ ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳುಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡೇ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಬದಿ ನೋಡಿ. ಮಲಗಿರುವಾಗ ಉಸಿರು ನಿಮಿಷಕ್ಕೆ 30ರೊಳಗೆ ಇರಬೇಕು. ದೇಹದ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಲೆಕ್ಕ ಹಿಡಿದು 102 ಎಂದರೆ ಜ್ವರವೆಂದು ಗಾಬರಿಯಾಗುವ ಮಾಲೀಕರು ಎಲ್ಲೆಡೆ ಇದ್ದಾರೆ. ಮೂಗು ಒದ್ದೆಯೋ ಒಣಗಿದೆಯೋ ಎಂಬುದನ್ನು ನೆಚ್ಚಿಕೊಳ್ಳಬೇಡಿ.

ಈ ಊರಿನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ರಕ್ತ ಹೀರುವ ಉಣ್ಣೆಯ (ಟಿಕ್) ವಿಷಯದಲ್ಲಿ. ಬೆಂಗಳೂರಿನ ಚಳಿ ಅದನ್ನು ಕೊಲ್ಲುವಷ್ಟು ಕಟುವಲ್ಲ, ಹಾಗಾಗಿ ವರ್ಷವಿಡೀ ಕಾಟ. ಕಿವಿಯ ಮಡಿಕೆ, ಬೆರಳ ಸಂದು, ಕತ್ತುಪಟ್ಟಿಯ ಅಡಿ, ಬಾಲದ ಬುಡ ಅದರ ಅಡಗುದಾಣಗಳು. ನಾಯಿಯ ಮೈ ಮೇಲಿರುವುದು ಸ್ವಲ್ಪ ಕಾಲ; ಉಳಿದ ಬದುಕೆಲ್ಲ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನಲ್ಲಿ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿ ಮನೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಇದು ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತದ ಸೋಂಕುಗಳನ್ನು ಹರಡುತ್ತದೆ. ಮೊದಲ ಸುಳಿವು ಸಿಗುವುದು ನಿಮ್ಮ ತಿನಿಸಿನ ಚೀಲದಲ್ಲೇ: ಬೇಯಿಸಿದ ಕೋಳಿಗಾಗಿ ಏನು ಬೇಕಾದರೂ ಮಾಡುತ್ತಿದ್ದ ನಾಯಿ ತುಂಡನ್ನು ಮೂಸಿ ಮುಖ ತಿರುಗಿಸುತ್ತದೆ. ವಸಡು ಪೇಲವವಾಗಿದ್ದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡರೆ, ಮೂಗಿನಲ್ಲಿ ರಕ್ತ ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ‘ಉಣ್ಣೆ ಒಂದೂ ಇಲ್ಲವಲ್ಲ’ ಎಂಬ ವಾದಕ್ಕೆ ಮಣಿಯಬೇಡಿ, ಕಚ್ಚಿದ್ದು ವಾರಗಳ ಹಿಂದೆ ಇರಬಹುದು.

ಮನೆಯಿಂದ ಮನೆಗೆ ಹೋಗುವ ನೀವೇ ರೋಗ ಹೊತ್ತೊಯ್ಯಬಲ್ಲಿರಿ ಎಂಬುದೂ ನೆನಪಿರಲಿ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಾಣು ಚಪ್ಪಲಿಗೆ, ಹಗ್ಗಕ್ಕೆ ಅಂಟಿ ಸಾಗುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನೈಲ್ ಅದಕ್ಕೆ ನಾಟುವುದಿಲ್ಲ, ನೀರು ಬೆರೆಸಿದ ಬ್ಲೀಚ್ ಬೇಕು. ಮರಿಯ ಲಸಿಕೆಗಳು 6–8 ವಾರಕ್ಕೆ ಶುರುವಾಗಿ 16 ವಾರದವರೆಗೆ ನಡೆಯುತ್ತವೆ. ಆದರೆ ಲೋಕ ಪರಿಚಯಕ್ಕೆ ಅತ್ಯುತ್ತಮ ಕಾಲ ಸುಮಾರು 14 ವಾರಕ್ಕೇ ಮುಗಿಯುತ್ತಾ ಬರುತ್ತದೆ. ಲಸಿಕೆ ಮುಗಿಯುವ ತನಕ ಮರಿಯನ್ನು ಮನೆಯಲ್ಲೇ ಕೂಡಿಹಾಕಿ ಎನ್ನುವುದು ಸುಲಭದ ಸಲಹೆ, ನಾನು ಒಪ್ಪುವುದಿಲ್ಲ. ಎತ್ತಿಕೊಂಡು ಹೋಗಿ ಬಸ್ಸು, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರನ್ನು ತೋರಿಸಲಿ. ಗುರುತಿಲ್ಲದ ನಾಯಿಗಳು ಓಡಾಡುವ ಪಾರ್ಕಿನ ನೆಲಕ್ಕೆ ಮಾತ್ರ ಬಿಡಬಾರದು.

ಏಪ್ರಿಲ್ ಬಿಸಿಲಿನಲ್ಲಿ ಪಗ್, ಬುಲ್‌ಡಾಗ್‌ಗಳಿಗೆ ಬೆಳಗ್ಗೆ ಏಳರೊಳಗೆ ಪಾಠ ಮುಗಿಸಿ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡಿದರೆ ತಕ್ಷಣ ನೆರಳಿಗೆ ಒಯ್ದು ನಲ್ಲಿ ನೀರು ಸುರಿಯಿರಿ, ಗಾಳಿ ಹಾಕಿ, ನಂತರ ಆಸ್ಪತ್ರೆಗೆ.

‘ಅರ್ಧ ಪ್ಯಾರಸಿಟಮಾಲ್ ಕೊಡಲೇ?’ ಎಂದು ರಾತ್ರಿ ಹತ್ತಕ್ಕೆ ಬರುವ ವಾಟ್ಸಾಪ್ ಸಂದೇಶಕ್ಕೆ ಒಂದೇ ಉತ್ತರ: ಬೇಡ. ನಮ್ಮ ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಹಾಳುಮಾಡುತ್ತವೆ. ಅದೂ ಅಲ್ಲದೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ. ನೀವು ಕುಂಟುವ ನಡಿಗೆಯ ವಿಡಿಯೊ ತೆಗೆದು, ಎಂದಿನಿಂದ, ಯಾವ ಹೊತ್ತಿನಲ್ಲಿ ಎಂದು ಬರೆದುಕೊಡಿ. ವೈದ್ಯರಿಗೆ ಅದಕ್ಕಿಂತ ಉಪಕಾರ ಬೇರಿಲ್ಲ. ಖಾಸಗಿ ಕ್ಲಿನಿಕ್ ದುಬಾರಿ ಎನ್ನುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೋ ಇದೆ ಎಂದು ತಿಳಿಸಿ.

ನಿಮ್ಮ ಮೈಯ ಬಗ್ಗೆಯೂ ಒಂದು ಮಾತು. ರೇಬಿಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳದೆ ಈ ವೃತ್ತಿಗೆ ಇಳಿಯಬೇಡಿ. ಹಾಕಿಸಿಕೊಂಡಿದ್ದರೂ, ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಕಡೆಯದಾಗಿ, ಆರೋಗ್ಯದ ವಿಷಯದಲ್ಲಿ ವೈದ್ಯರಿಗಿಂತ ನೀವೇ ಚೆನ್ನಾಗಿ ಮಾಡಬಹುದಾದ ಕೆಲಸವೊಂದಿದೆ. ಬಾಯಿ ತೆರೆಸುವುದು, ಕಿವಿ ಮಡಚುವುದು, ಪಾದ ಹಿಡಿಯುವುದು, ಬಾಯಿಕುಕ್ಕೆ ತೊಡಿಸುವುದು, ಇವೆಲ್ಲಕ್ಕೂ ನಾಯಿಯನ್ನು ತಿನಿಸು ಕೊಟ್ಟು ಒಗ್ಗಿಸಿ. ‘ಕೂರು’, ‘ಬಾ’ ಜೊತೆಗೇ ಇದನ್ನೂ ಮೊದಲ ವಾರದ ಪಾಠಕ್ಕೆ ಸೇರಿಸಿ. ಮಾಲೀಕರು ಕೇಳುವುದಿಲ್ಲ, ಅವರಿಗೆ ಕೈ ಕುಲುಕುವ ನಾಯಿಯೇ ಬೇಕು. ಆದರೂ ಬಿಡಬೇಡಿ.